ಕ್ಯಾರವಾನಿನ ಮೂಗಿನ ತೂಕ

ಅಕ್ಟೋಬರ್ ಮುಗಿಯುತ್ತ ಬಂತೆಂದರೆ ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಗ್ಯಾರೇಜಿನ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಳಿಗಾಲದ ಕ್ಯಾಂಪು ಹತ್ತಿರವಾದಾಗ ಇಲ್ಲಿನ ಕುಟುಂಬಗಳಿಗೆಲ್ಲ ಒಟ್ಟಿಗೇ ತಮ್ಮ ಕ್ಯಾರವಾನ್ ನೆನಪಾಗುತ್ತದೆ. ಆರೇಳು ತಿಂಗಳು ಬಿಸಿಲಲ್ಲಿ ನಿಂತ ಆ ಗಾಲಿಯ ಮನೆಗಳ ಟೈರು ಬಿರಿದಿರುತ್ತದೆ, ಬೇರಿಂಗಿನ ಗ್ರೀಸು ಒಣಗಿರುತ್ತದೆ, ವೈರುಗಳನ್ನು ಇಲಿ ಕಡಿದಿರುತ್ತದೆ. ಎಲ್ಲರಿಗೂ ಬರುವ ಗುರುವಾರದೊಳಗೆ ರಿಪೇರಿ ಆಗಬೇಕು. ಅಲ್ಲಿ ಸೂಪರ್‌ವೈಸರ್ ಆದ ನಾನು ಆ ಒಂದು ತಿಂಗಳು ಯಾರಿಗೂ ಒಳ್ಳೆಯವನಾಗಿರಲು ಸಾಧ್ಯವಿಲ್ಲ.

ಅಂಥ ಒಂದು ಭಾನುವಾರ ನಮ್ಮ ಹಳೆಯ ಗಿರಾಕಿ ಹೊಸ ಅಮೆರಿಕನ್ ಪಿಕಪ್ ತಂದು ನಿಲ್ಲಿಸಿದರು. ಅರುವತ್ತು ದಾಟಿದ ಕತಾರಿ, ಮಾತು ಮೆತ್ತಗೆ. ಪಿಕಪ್ಪಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಹಿಂದೆಯೇ ಒಂದು ರಿಕವರಿ ಲಾರಿಯ ಮೇಲೆ ಅವರ ಇಪ್ಪತ್ತನಾಲ್ಕು ಅಡಿ ಉದ್ದದ ಕ್ಯಾರವಾನ್ ಬಂತು. ಅದನ್ನು ಎಳೆಯುತ್ತಿದ್ದ ಹಳೆಯ ಗಾಡಿಯನ್ನು ಮಾರಿಬಿಟ್ಟಿದ್ದಾರೆ, ಹೊಸದಕ್ಕೆ ಹಿಚ್ ಕೂರಿಸಬೇಕು, ಮುಂದಿನ ವಾರದ ಗುರುವಾರ ದುಖಾನ್ ಆಚೆಯ ಕಡಲ ದಂಡೆಗೆ ಮನೆಮಂದಿಯೆಲ್ಲ ಹೊರಡುತ್ತಾರೆ ಎಂದು ಇಂಗ್ಲಿಷ್ ಬೆರೆಸಿದ ಹಿಂದಿಯಲ್ಲಿ ಹೇಳಿದರು.

ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಹೋದ ವರ್ಷ ಕ್ಯಾಂಪಿಗೆ ಹೋಗುವಾಗ ದುಖಾನ್ ರಸ್ತೆಯಲ್ಲಿ ಇದೇ ಕ್ಯಾರವಾನ್ ಅತ್ತಿತ್ತ ಓಲಾಡಿ ರಸ್ತೆಯಿಂದಾಚೆ ಮಗುಚಿ ಬಿದ್ದಿತ್ತಂತೆ. ಅವರು ಹೆಂಡತಿ ಮಕ್ಕಳೊಂದಿಗೆ ಮುಂದಿನ ಕಾರಿನಲ್ಲಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಡ್ರೈವರ್ ತೂಕಡಿಸಿದ್ದ ಎಂದರು. ಹದಿನಾಲ್ಕು ವರ್ಷ ಮನೆಯಲ್ಲಿದ್ದ ಮನುಷ್ಯ ಎಂದು ಉಳಿಸಿಕೊಂಡಿದ್ದೇನೆ, ಈ ಸಲ ಇನ್ನೊಮ್ಮೆ ಹಾಗಾದರೆ ವೀಸಾ ರದ್ದು ಮಾಡಿ ಊರಿಗೆ ಕಳಿಸುತ್ತೇನೆ ಎಂದರು. ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ, ಅದಕ್ಕೇ ನನಗೆ ಅದು ಖಂಡಿತ ಅನ್ನಿಸಿತು.

ಡ್ರೈವರ್ ಬಾಗಿಲ ಹೊರಗೇ ನಿಂತಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡು "ಮೈಸೂರು ಬದಿಯವರಾ?" ಎಂದು ಕೇಳಿದರು. ಅವರು ವಿಟ್ಲದ ಕಡೆಯವರು. ಅವರ ಮನೆಮಾತು ಬ್ಯಾರಿ, ನನಗೆ ಅದರ ಗಂಧಗಾಳಿ ಇಲ್ಲ, ಹಾಗಾಗಿ ನಮ್ಮಿಬ್ಬರದು ಕನ್ನಡವೇ ಆಯಿತು. ತಮ್ಮ ಯಜಮಾನರಾದ ಆ ಗಿರಾಕಿಯನ್ನು ಬಾಬಾ ಎನ್ನುತ್ತಿದ್ದ ಅವರು ನನ್ನನ್ನು ಇಂಜಿನಿಯರ್ರೆ ಎಂದು ಕರೆಯತೊಡಗಿದರು. ನಾನು ಓದಿದ್ದು ಡಿಪ್ಲೊಮಾ. ತಿದ್ದಲು ಹೋಗಲಿಲ್ಲ.

ಲಾರಿಯಿಂದ ಕ್ಯಾರವಾನ್ ಇಳಿಸಿದಾಗ ನಾನು ಮೊದಲು ಹೋಗಿ ನೋಡಿದ್ದು ಅದರ ಹಿಂಭಾಗವನ್ನು. ಅಲ್ಲಿ ಹೊರಚಾಚಿದ ಒಂದು ಕಬ್ಬಿಣದ ಕ್ಯಾರಿಯರ್ ಇತ್ತು. ಜನರೇಟರ್, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರ್ ಇಡಲೆಂದು ಹೋದ ವರ್ಷ ಅದರ ನಕ್ಷೆ ಬರೆದು ಮಾಡಿಸಿಕೊಟ್ಟವನು ನಾನೇ. ಕ್ಯಾರವಾನಿನ ಒಂದು ಬದಿಯ ತಗಡನ್ನು ಬೇರೆಲ್ಲೋ ಬದಲಾಯಿಸಿದ್ದರು, ಕಿಟಕಿಗಳು ಹೊಸವು, ಆದರೆ ಕ್ಯಾರಿಯರ್ ಮಾತ್ರ ಕೂದಲೆಳೆಯಷ್ಟೂ ಬಾಗಿರಲಿಲ್ಲ. ಗಾಡಿ ಮಗುಚಿದರೂ ನಮ್ಮ ಕೆಲಸ ಅಲುಗಾಡಿಲ್ಲ ನೋಡು ಎಂದು ವೆಲ್ಡರನ್ನು ಕರೆದು ತೋರಿಸಿದೆ. ಅವನು ಅದರ ಮೇಲೆ ಹತ್ತಿ ಎರಡು ಸಲ ಕುಣಿದ. ಇಬ್ಬರಿಗೂ ಖುಷಿಯಾಯಿತು.

ಹಿಚ್ ಕೂರಿಸುವುದೆಂದರೆ ಗಾಡಿಯ ಹಿಂದೆ ಒಂದು ಕಬ್ಬಿಣದ ಗುಂಡು ಸಿಕ್ಕಿಸುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಗುಂಡು ಕೂರಿಸಲು ಅರ್ಧ ಗಂಟೆ ಸಾಕು. ಅದು ಎಷ್ಟು ಎತ್ತರದಲ್ಲಿರಬೇಕು, ಅದರ ಮೇಲೆ ಎಷ್ಟು ತೂಕ ಕೂರಬೇಕು, ಆ ತೂಕ ಪಿಕಪ್ಪಿನ ನಾಲ್ಕು ಚಕ್ರಗಳಿಗೆ ಹೇಗೆ ಹಂಚಿಹೋಗಬೇಕು ಎನ್ನುವುದಕ್ಕೆ ಮೂರು ದಿನ ಬೇಕು. ಇದನ್ನು ಗಿರಾಕಿಗಳಿಗೆ ವಿವರಿಸಲು ಹೋಗಿ ನಾನು ಎಷ್ಟೋ ಸಲ ಬೇಜಾರು ಮಾಡಿಸಿದ್ದೇನೆ.

ಮೊದಲ ದಿನ ರಿಸೀವರ್ ಹಾಕಿದೆವು. ಅದು ಪಿಕಪ್ಪಿನ ಚಾಸಿಸ್ಸಿಗೆ ಅಡ್ಡಲಾಗಿ ಬರುವ ದಪ್ಪ ಕಬ್ಬಿಣ, ನಡುವೆ ಚೌಕದ ತೂತು. ಎಳೆಯುವ ಬಲವೆಲ್ಲ ಅದರ ಮೇಲೇ. ಚಾಸಿಸ್ಸಿಗೆ ವೆಲ್ಡಿಂಗ್ ಮಾಡಬಾರದು, ಶಾಖಕ್ಕೆ ಕಬ್ಬಿಣದ ಹದ ಕೆಡುತ್ತದೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ವೆಲ್ಡರ್ ಪ್ರತಿ ವರ್ಷ ಮುಖ ಸಣ್ಣ ಮಾಡಿಕೊಳ್ಳುತ್ತಾನೆ. ಎಂಟು ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ಪ್ರತಿಯೊಂದರ ತಲೆಯ ಮೇಲೂ ಹಳದಿ ಗೆರೆ ಎಳೆದೆ. ಮುಂದೆ ಸಡಿಲವಾದರೆ ಗೆರೆ ಜರುಗಿದ್ದು ಕಣ್ಣಿಗೆ ಕಾಣುತ್ತದೆ.

ಎರಡನೆಯ ದಿನ ಕ್ಯಾರವಾನನ್ನು ಸಮತಟ್ಟಾಗಿ ನಿಲ್ಲಿಸಿ ಮಟ್ಟಪಟ್ಟಿ ಇಟ್ಟು ನೋಡಿ, ಅದರ ಮುಂಚಾಚಿನ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದೆವು. ಗುಂಡನ್ನು ಹಿಡಿಯುವ ಬಟ್ಟಲು ಇರುವ ಆ ತುದಿಗೆ ನಮ್ಮಲ್ಲಿ ಮೂಗು ಎನ್ನುತ್ತೇವೆ. ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಐವತ್ತು ಮಿಲಿಮೀಟರಿನ ಗುಂಡು. ಅಮೆರಿಕದಿಂದ ಬಂದ ದೊಡ್ಡ ಕ್ಯಾರವಾನಿನ ಬಟ್ಟಲು ಅದಕ್ಕಿಂತ ದೊಡ್ಡದು. ಚಿಕ್ಕ ಗುಂಡಿನ ಮೇಲೂ ಅದು ಕೂರುತ್ತದೆ, ಬೀಗವೂ ಬೀಳುತ್ತದೆ, ಮೊದಲ ಹಂಪ್ ಬರುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹಾಗೆ ಎಗರಿ ಬಿಟ್ಟುಹೋದ ಎರಡು ಕ್ಯಾರವಾನ್ ನಮ್ಮ ಗ್ಯಾರೇಜಿಗೇ ಬಂದಿದ್ದವು. ನಾನು ಸರಿಯಾದ ಗುಂಡು ಹುಡುಕಿ ತರಿಸಿದೆ.

ಪಕ್ಕದ ಗುಜರಿಯವರ ಪ್ಲಾಟ್‌ಫಾರ್ಮ್ ತಕ್ಕಡಿ ಎರವಲು ತಂದು ಮೂಗಿನ ತೂಕ ನೋಡಿದೆವು. ಇದೇ ಈ ಕೆಲಸದ ಜೀವಾಳ. ಕ್ಯಾರವಾನಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಗಿನ ಮೇಲೆ ಇರಬೇಕು. ಹೆಚ್ಚಾದರೆ ಪಿಕಪ್ಪಿನ ಬೆನ್ನು ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕಡಿಮೆಯಾದರೆ ಕ್ಯಾರವಾನ್ ಬಾಲ ಆಡಿಸತೊಡಗುತ್ತದೆ. ಈ ಗಾಡಿ ಎರಡೂವರೆ ಟನ್, ತಕ್ಕಡಿ ಮುನ್ನೂರ ಇಪ್ಪತ್ತು ಕಿಲೋ ತೋರಿಸಿತು. ಪುಸ್ತಕದಲ್ಲಿ ಬರೆದ ಹಾಗೆ ಇತ್ತು.

ಪಿಕಪ್ಪಿಗೆ ಕ್ಯಾರವಾನ್ ಕಟ್ಟುವ ಮೊದಲು ಮುಂದಿನ ಮಡ್‌ಗಾರ್ಡಿನ ಅಂಚು ನೆಲದಿಂದ ತೊಂಬತ್ತೇಳು ಸೆಂಟಿಮೀಟರ್ ಇತ್ತು. ಕಟ್ಟಿದ ಮೇಲೆ ನೂರ ಒಂದಾಯಿತು, ಅಂದರೆ ಹಿಂಭಾಗ ಕುಸಿದು ಮುಂಭಾಗ ನಾಲ್ಕು ಸೆಂಟಿಮೀಟರ್ ಮೇಲೆದ್ದಿತು. ಆಗ ಎರಡು ಉದ್ದನೆಯ ಸ್ಪ್ರಿಂಗ್ ಸಲಾಕೆಗಳನ್ನು ಹಿಚ್ಚಿನಿಂದ ಕ್ಯಾರವಾನಿನ ಮುಂಚಾಚಿಗೆ ಸರಪಳಿ ಹಾಕಿ ಬಿಗಿಯಬೇಕು. ಅವು ಭಾರದಲ್ಲಿ ಒಂದಷ್ಟನ್ನು ಮುಂದಿನ ಚಕ್ರಗಳಿಗೂ ಒಂದಷ್ಟನ್ನು ಕ್ಯಾರವಾನಿನ ಚಕ್ರಗಳಿಗೂ ದಾಟಿಸುತ್ತವೆ. ಸರಪಳಿಯ ಒಂದೊಂದೇ ಕೊಂಡಿ ಬದಲಿಸಿ ಐದು ಸಲ ಅಳೆದ ಮೇಲೆ ತೊಂಬತ್ತೆಂಟಕ್ಕೆ ಬಂದು ನಿಂತಿತು. ಡ್ರೈವರ್ ಟೇಪಿನ ಇನ್ನೊಂದು ತುದಿ ಹಿಡಿದು ಐದು ಸಲವೂ ಮೊಣಕಾಲೂರಿ ಕೂತರು, ಒಂದು ಸಲವೂ ಸಾಕು ಎನ್ನಲಿಲ್ಲ.

ಮೂರನೆಯ ದಿನ ವೈರಿಂಗ್, ಏಳು ಪಿನ್ನಿನ ಪ್ಲಗ್, ಅಡ್ಡಹಾಯಿಸಿ ಕಟ್ಟುವ ಸುರಕ್ಷಾ ಸರಪಳಿ, ಸ್ಟೀರಿಂಗಿನ ಬಲಕ್ಕೆ ಕ್ಯಾರವಾನಿನ ಬ್ರೇಕನ್ನು ಪ್ರತ್ಯೇಕವಾಗಿ ಹಿಡಿಯುವ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಗುಬಟು ಇದೆ, ಅದನ್ನು ಕೈಯಿಂದ ಒತ್ತಿದರೆ ಪಿಕಪ್ಪಿನ ಬ್ರೇಕ್ ಬೀಳದೆ ಕ್ಯಾರವಾನಿನ ಬ್ರೇಕ್ ಮಾತ್ರ ಬೀಳುತ್ತದೆ. ಬುಧವಾರ ಮಧ್ಯಾಹ್ನ ಖಾಲಿ ಕ್ಯಾರವಾನ್ ಕಟ್ಟಿಕೊಂಡು ನಾನೇ ಓಡಿಸಿ ನೋಡಿದೆ. ಎಂಬತ್ತು ಕಿಲೋಮೀಟರ್ ವೇಗದಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿಯಬಹುದಾಗಿತ್ತು. ಕೆಲಸ ಮುಗಿಯಿತೆಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟೆ.

ಗುರುವಾರ ಸಂಜೆ ಡ್ರೈವರ್ ಫೋನ್ ಮಾಡಿದರು. ಸಾಮಾನೆಲ್ಲ ತುಂಬಿಸಿ ಒಮ್ಮೆ ದುಖಾನ್ ರಸ್ತೆಯಲ್ಲಿ ಓಡಿಸಿ ನೋಡಬೇಕಂತೆ, ನಾನೂ ಜೊತೆಗೆ ಬರಬೇಕಂತೆ. ಶುಕ್ರವಾರ ಇರುವ ಒಂದು ರಜೆ, ನಾನು ತಪ್ಪಿಸಿಕೊಳ್ಳಲು ನೋಡಿದೆ. ಎಲ್ಲವನ್ನೂ ಅಳೆದಿದ್ದೇನೆ, ಏನೂ ಆಗುವುದಿಲ್ಲ ಎಂದೆ.

"ಖಾಲಿ ಗಾಡಿ ಎಲ್ಲರ ಮಾತೂ ಕೇಳ್ತದೆ ಇಂಜಿನಿಯರ್ರೆ. ನನಗೆ ಇದೊಂದು ಸಲ ಹೆದರಿಕೆ ಉಂಟು. ನೀವು ಬದಿಯಲ್ಲಿ ಕೂತು ನಾನು ಎಚ್ಚರ ಇದ್ದೇನಾ ಅಂತ ನೋಡಿ, ಅಷ್ಟೇ ಸಾಕು," ಎಂದರು.

ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಮನುಷ್ಯ ತಾನು ಎಚ್ಚರವಾಗಿದ್ದೇನೆಯೇ ನೋಡಿ ಎಂದು ಕೇಳಿಕೊಂಡರೆ ಇಲ್ಲ ಎನ್ನುವುದು ಹೇಗೆ. ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಅಲ್ ಥುಮಾಮಾದಲ್ಲಿರುವ ಯಜಮಾನರ ಮನೆಗೆ ಹೋದೆ. ಕ್ಯಾಂಪಿನ ಸಾಮಾನು ತುಂಬುವುದು ಮನೆಯ ಅಡುಗೆಯವನ ಮತ್ತು ಕೆಲಸದವರ ಪಾಲಿನದು. ನಮ್ಮ ಗ್ಯಾರೇಜಿಗೆ ಕ್ಯಾರವಾನ್ ಯಾವಾಗಲೂ ಖಾಲಿಯಾಗಿಯೇ ಬರುತ್ತದೆ, ಖಾಲಿಯಾಗಿಯೇ ಹೋಗುತ್ತದೆ. ತುಂಬಿದ ಕ್ಯಾರವಾನನ್ನು ನಾನು ಇಷ್ಟು ವರ್ಷಗಳಲ್ಲಿ ಹತ್ತಿರದಿಂದ ನೋಡಿದ್ದು ಅದೇ ಮೊದಲು ಎಂದರೆ ನಂಬುವುದು ಕಷ್ಟ, ಆದರೆ ನಿಜ. ಮುಂದಿನ ಕೋಣೆ ಮಜ್ಲಿಸ್. ಬಂದವರು ಕೂತು ಖಾವಾ ಕುಡಿಯುವ ಜಾಗವಾದ್ದರಿಂದ ಅಲ್ಲಿ ಒಂದು ಡಬ್ಬವನ್ನೂ ಇಟ್ಟಿರಲಿಲ್ಲ, ರತ್ನಗಂಬಳಿ ಮತ್ತು ದಿಂಬುಗಳಷ್ಟೇ. ಪಾತ್ರೆ, ಹಾಸಿಗೆ, ಅಕ್ಕಿಮೂಟೆಗಳು ನಡುವೆ. ಜನರೇಟರಿನ ಸದ್ದು ಮಜ್ಲಿಸ್‌ಗೆ ಕೇಳಬಾರದೆಂದು ಅದು ಹಿಂದಿನ ಕ್ಯಾರಿಯರಿನ ಮೇಲೆ, ಅದರ ಪಕ್ಕಕ್ಕೆ ಇನ್ನೂರು ಲೀಟರಿನ ನೀರಿನ ಟ್ಯಾಂಕು ತುಂಬಿ ತುಳುಕುವಂತೆ, ಅದರ ಪಕ್ಕ ಎರಡು ಗ್ಯಾಸ್ ಸಿಲಿಂಡರ್, ಒಂದು ಇಂಧನದ ಡಬ್ಬ. ಎಲ್ಲವನ್ನೂ ಅಚ್ಚುಕಟ್ಟಾಗಿ ಬೆಲ್ಟಿನಿಂದ ಬಿಗಿದಿದ್ದರು. ನಾನು ಬೆಲ್ಟುಗಳನ್ನು ಎಳೆದು ನೋಡಿ ತಲೆಯಾಡಿಸಿದೆ.

ಶಹಾನಿಯಾ ದಾಟುವವರೆಗೆ ಅರುವತ್ತರಲ್ಲಿ ಹೋದೆವು. ಡ್ರೈವರ್ ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು, ನಿದ್ದೆ ಬರಬಾರದೆಂದು. ರಸ್ತೆ ಖಾಲಿಯಾದ ಮೇಲೆ ಎಪ್ಪತ್ತಕ್ಕೆ ಏರಿಸಿದರು. ಎಪ್ಪತ್ತೆಂಟೋ ಎಂಬತ್ತೋ ಇರಬೇಕು, ಒಂದು ಟ್ಯಾಂಕರ್ ನಮ್ಮನ್ನು ಹಿಂದಿಕ್ಕಿತು. ಅದರ ಗಾಳಿಗೆ ಪಿಕಪ್ಪಿನ ಬೆನ್ನನ್ನು ಯಾರೋ ಹಿಡಿದು ಪಕ್ಕಕ್ಕೆ ಎಳೆದ ಹಾಗಾಯಿತು. ಕನ್ನಡಿಯಲ್ಲಿ ಕ್ಯಾರವಾನ್ ಎಡಕ್ಕೆ ಹೋಗಿ ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋದಾಗ ಮೊದಲಿಗಿಂತ ದೂರ ಹೋಯಿತು. ನಾನು ಡ್ರೈವರ್ ಕಡೆ ತಿರುಗಿದೆ. ಎರಡೂ ಕೈ ಸ್ಟೀರಿಂಗ್ ಮೇಲೆ, ಅಲುಗದೆ ಹಿಡಿದಿದ್ದರು. ಕಣ್ಣು ರಸ್ತೆಯ ಮೇಲೆ. ಕಾಲನ್ನು ಎಕ್ಸಲರೇಟರಿನಿಂದ ಆಗಲೇ ಎತ್ತಿದ್ದರು, ಬ್ರೇಕ್ ತುಳಿಯಲಿಲ್ಲ. ಆ ಹೊತ್ತಿನಲ್ಲಿ ಡ್ರೈವರ್ ಆದವನು ಏನು ಮಾಡಬೇಕೋ ಅದಷ್ಟನ್ನೂ ಮಾಡಿದ್ದರು, ಆದರೂ ಇಡೀ ಗಾಡಿ ರಸ್ತೆಯ ಅಂಚಿಗೆ ಜಾರುತ್ತಿತ್ತು. ನಾನು ಬಾಗಿ ಪೆಟ್ಟಿಗೆಯ ಗುಬಟನ್ನು ಪೂರ್ತಿ ಒತ್ತಿ ಹಿಡಿದೆ. ಕ್ಯಾರವಾನಿನ ಚಕ್ರಗಳು ಚೀರಿದವು, ಹಿಂದಿನಿಂದ ಬಿಗಿಯಾಗಿ ಎಳೆದಂತಾಗಿ ಅದು ನೇರಕ್ಕೆ ಬಂತು. ಬದಿಗೆ ನಿಲ್ಲಿಸಿದೆವು.

ಅವರು ಸ್ಟೀರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ನಾನು ಮಲಗಿರ್ಲಿಲ್ಲ ಅಲ್ವಾ ಇಂಜಿನಿಯರ್ರೆ? ನೀವು ನೋಡಿದ್ರಲ್ಲಾ?" ಎಂದು ಎರಡೆರಡು ಸಲ ಕೇಳಿದರು. ಇಲ್ಲ ಭಾಯಿ, ನಾನೇ ನೋಡ್ದೆ ಅಂದೆ.

ಕೆಳಗಿಳಿದು ಮೊದಲು ಹಿಚ್ ನೋಡಿದೆ. ಹಳದಿ ಗೆರೆಗಳು ಇದ್ದಲ್ಲೇ ಇದ್ದವು, ಬೀಗ ಸರಿ, ಸರಪಳಿ ಸರಿ, ಟೈರಿನ ಗಾಳಿ ಸರಿ. ಮುಂದಿನ ಮಡ್‌ಗಾರ್ಡ್ ಅಳೆದೆ. ನಾನು ಬಿಗಿದು ಇಟ್ಟದ್ದಕ್ಕಿಂತ ಮೂರು ಸೆಂಟಿಮೀಟರ್ ತಗ್ಗಿತ್ತು, ಪಿಕಪ್ಪಿನ ಬೆನ್ನಿನ ಮೇಲೆ ಭಾರವೇ ಇಲ್ಲದ ಹಾಗೆ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಸಲಾಕೆ ಬಿಚ್ಚಿ, ಕ್ಯಾರವಾನನ್ನು ಪಿಕಪ್ಪಿನಿಂದ ಬಿಡಿಸಿದೆ. ಮೂಗಿನ ಕೆಳಗಿನ ಜಾಕಿನ ಹಿಡಿ ಎರಡು ಬೆರಳಿಗೆ ತಿರುಗಿತು. ಮೂಗಿನ ಮೇಲೆ ತೂಕವಿದ್ದರೆ ಅದನ್ನು ಎರಡೂ ಕೈ ಹಾಕಿ ತಿರುಗಿಸಬೇಕು. ಡ್ರೈವರನ್ನು ಕರೆದು, ಒಂದು ಕಡೆ ನೀವು ಹಿಡೀರಿ, ಇನ್ನೊಂದು ಕಡೆ ನಾನು ಹಿಡೀತೀನಿ ಎಂದೆ. ಮೂರು ಟನ್ನಿಗೂ ಮೀರಿದ ಕ್ಯಾರವಾನಿನ ಮೂಗು ಇಬ್ಬರು ನಡುವಯಸ್ಸಿನವರ ಕೈಗೆ ಎದ್ದು ಬಂತು.

ಅಲ್ಲಿಂದ ಹಿಂದಕ್ಕೆ ನಡೆದು ಕ್ಯಾರಿಯರಿನ ಮುಂದೆ ನಿಂತೆ. ಜನರೇಟರ್ ನೂರ ಹತ್ತು ಕಿಲೋ, ನೀರು ಇನ್ನೂರು, ಸಿಲಿಂಡರುಗಳು ಮತ್ತು ಇಂಧನದ ಡಬ್ಬ ಸೇರಿ ಐವತ್ತು. ಚಕ್ರಗಳ ಹಿಂದಕ್ಕೆ ಮೂರೂವರೆ ಮೀಟರಿಗಿಂತ ದೂರದಲ್ಲಿ ಮುನ್ನೂರ ಅರುವತ್ತು ಕಿಲೋ ಇಟ್ಟರೆ ಮುಂದೆ ಮೂಗು ಏಳದೆ ಇನ್ನೇನಾಗುತ್ತದೆ. ಮಕ್ಕಳ ಏತದ ಆಟದ ಲೆಕ್ಕ ಇದು. ಕ್ಯಾರಿಯರ್ ಮಾಡುವಾಗ ಕೊಳವೆ ಎಷ್ಟು ದಪ್ಪ ಬೇಕು, ಎಲ್ಲೆಲ್ಲಿ ಆಸರೆ ಕೊಡಬೇಕು ಎಂದು ನಾನು ಎರಡು ದಿನ ತಲೆಕೆಡಿಸಿಕೊಂಡಿದ್ದೆ, ಮೂವರನ್ನು ಹತ್ತಿಸಿ ನಿಲ್ಲಿಸಿ ಪರೀಕ್ಷೆ ಮಾಡಿದ್ದೆ. ಮೂಗಿಗೆ ಏನಾಗುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ನೀರಿನ ಟ್ಯಾಂಕಿನ ನಲ್ಲಿ ತೆರೆದು ಎಲ್ಲವನ್ನೂ ಮರಳಿಗೆ ಬಿಟ್ಟೆವು. ನೀರು ಹರಿದು ಮುಗಿಯುವವರೆಗೆ ಡ್ರೈವರ್ ರಸ್ತೆಯ ಬದಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಹೋದ ವರ್ಷಕ್ಕೆ ಮೊದಲು ಎಷ್ಟು ಸಲ ಎಳೆದಿದ್ದೀರಿ ಎಂದು ಕೇಳಿದೆ. ಐದು ವರ್ಷ ಎಳೆದಿದ್ದೇನೆ, ಒಮ್ಮೆಯೂ ಅಲುಗಾಡಿರಲಿಲ್ಲ ಎಂದರು. ಕ್ಯಾರಿಯರ್ ಕೂರಿಸಿದ ಮೇಲೆ, ಸಾಮಾನನ್ನು ಹೀಗೇ ತುಂಬಿಸಿಕೊಂಡು ಹೊರಟ ಮೊದಲ ಪ್ರಯಾಣವೇ ಮಗುಚಿದ್ದು. ಅವರಿಗೆ ಆ ಎರಡನ್ನು ಸೇರಿಸಿ ನೋಡಲು ತೋಚಿರಲಿಲ್ಲ.

"ಆಗ ಎಂತ ಆಯ್ತು ಅಂತ ನನಗೇ ಸರಿಯಾಗಿ ನೆನಪಿಲ್ಲ," ಎಂದರು. "ಕಣ್ಣು ಮುಚ್ಚಿದ ನೆನಪಿಲ್ಲ. ಬಾಬಾ ಮಲಗಿದ್ದಿ ಅಂದ್ರು, ಪೊಲೀಸಿನವ್ರು ಮಲಗಿದ್ದಿಯಾ ಕೇಳಿದ್ರು. ಊರಿಂದ ಹೆಂಡತಿಯೂ ಫೋನಿನಲ್ಲಿ ಹಾಗೇ ಹೇಳಿದ್ಲು, ನೀವು ರಾತ್ರಿ ಸರಿಯಾಗಿ ನಿದ್ದೆ ಮಾಡುದಿಲ್ಲ ಅಂತ. ಅಷ್ಟು ಜನ ಹೇಳುವಾಗ ಮಲಗಿರ್ಬೇಕು ಅಂತ ನಾನೂ ತಿಳ್ಕೊಂಡೆ."

ನಾನು ಆ ಹೊತ್ತಿನಲ್ಲಿ ಹೇಳಬೇಕಾದದ್ದನ್ನು ಹೇಳಲಿಲ್ಲ. ಲೋಡು ಸರಿಯಾಗಿ ಕೂತಿಲ್ಲ ಭಾಯಿ, ನಾಳೆ ಗ್ಯಾರೇಜಿಗೆ ತನ್ನಿ, ಸರಿಮಾಡಣ ಎಂದಷ್ಟೇ ಹೇಳಿದೆ. ತುಂಬಿಸುವಾಗ ನಾನೇ ನಿಂತು ನೋಡಬೇಕಿತ್ತು, ನನ್ನ ತಪ್ಪೇ ಎಂದರು ಅವರು. ನಾನು ಕ್ಯಾರವಾನನ್ನು ಮತ್ತೆ ಪಿಕಪ್ಪಿಗೆ ಕಟ್ಟತೊಡಗಿದೆ. ನಲವತ್ತರಲ್ಲಿ ವಾಪಸು ಬಂದೆವು. ಗಾಡಿಯನ್ನು ಯಜಮಾನರ ಮನೆಯಲ್ಲಿ ನಿಲ್ಲಿಸಿ, ಜುಮ್ಮಾ ನಮಾಜಿನ ಹೊತ್ತಿಗೆ ಅವರು ಮಸೀದಿಗೆ ಹೋದರು, ನಾನು ಟ್ಯಾಕ್ಸಿ ಹಿಡಿದೆ. ನನಗೆ ನನ್ನ ಮೇಲೆ ಹೇಸಿಗೆಯಾಗಿತ್ತು.

ಶನಿವಾರ ಬೆಳಿಗ್ಗೆ ಗ್ಯಾರೇಜಿನ ಮ್ಯಾನೇಜರಿಗೆ ವಿಷಯ ಹೇಳಿದೆ. ಕೆಟ್ಟ ಮನುಷ್ಯನಲ್ಲ, ವ್ಯಾಪಾರ ಗೊತ್ತಿರುವವನು. ಕ್ಯಾರಿಯರ್ ತೆಗೆದುಬಿಡು, ಹೊಸ ಪಿಕಪ್ಪಿಗೆ ಹೊಂದುವುದಿಲ್ಲ ಎಂದು ಹೇಳು, ಮುಗಿಯಿತು ಎಂದ. ಹೋದ ವರ್ಷದ ಮಾತನ್ನು ಯಾರಾದರೂ ಕೇಳಿದರೇ, ನೀನೇ ಯಾಕೆ ಕೆದಕುತ್ತೀಯ, ಗಿರಾಕಿ ಹೋದರೆ ಅವರ ಅಣ್ಣತಮ್ಮಂದಿರೆಲ್ಲ ಹೋಗುತ್ತಾರೆ ಎಂದ. ಅವನು ಹೇಳಿದ ಉಪಾಯ ನನಗೆ ಹಿಂದಿನ ದಿನವೇ ಹೊಳೆದಿತ್ತು. ಅದರಿಂದ ಗಾಡಿ ಸರಿಯಾಗುತ್ತದೆ, ನನ್ನ ಹೆಸರು ಉಳಿಯುತ್ತದೆ, ಡ್ರೈವರ್ ಕೆಲಸವೂ ಉಳಿಯುತ್ತದೆ. ತೂಕಡಿಸಿದವನು ಎನ್ನುವುದು ಮಾತ್ರ ಅವರ ಮೇಲೆ ಹಾಗೇ ಇರುತ್ತದೆ. ನೋಡೋಣ ಎಂದು ಹೇಳಿ ಅಂಗಳಕ್ಕೆ ಬಂದೆ.

ಡ್ರೈವರ್ ತಂದ ಕ್ಯಾರವಾನನ್ನು ಮೊದಲು ಇದ್ದ ಹಾಗೆಯೇ, ಟ್ಯಾಂಕಿಗೆ ನೀರು ತುಂಬಿಸಿ, ತಕ್ಕಡಿಯ ಮೇಲೆ ಇಟ್ಟೆ. ಮೂಗಿನ ತೂಕ ತೊಂಬತ್ತು ಕಿಲೋ. ನೂರಕ್ಕೆ ಮೂರು ಪಾಲೂ ಇಲ್ಲ. ಆ ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡೆ. ವೆಲ್ಡರ್ ಗ್ಯಾಸ್ ಕಟರ್ ಹಿಡಿದು ಬಂದು, ನಿಜವಾಗಿಯೂ ಕೊಯ್ಯಲೇ ಎಂದು ಮೂರು ಸಲ ಕೇಳಿದ. ಅವನ ಬಾಳಿನ ಒಳ್ಳೆಯ ವೆಲ್ಡಿಂಗುಗಳಲ್ಲಿ ಅದೊಂದು. ಗಟ್ಟಿಯಾಗಿ ಮಾಡಿದ್ದಕ್ಕೆ ಕೊಯ್ಯಲು ಒಂದೂವರೆ ಗಂಟೆ ಹಿಡಿಯಿತು.

ಜನರೇಟರನ್ನು ಪಿಕಪ್ಪಿನ ತೊಟ್ಟಿಗೆ, ಕ್ಯಾಬಿನ್ನಿಗೆ ಆತು ಕಟ್ಟಿದೆವು. ಕ್ಯಾಂಪಿನಲ್ಲಿ ಇಳಿಸಿಕೊಂಡು ಎಷ್ಟು ದೂರ ಬೇಕಾದರೂ ಇಡಬಹುದು. ಸಿಲಿಂಡರುಗಳೂ ಅಲ್ಲಿಗೇ ಹೋದವು. ನೀರಿನ ಟ್ಯಾಂಕು ಖಾಲಿಯಾಗಿ ಕ್ಯಾರವಾನಿನ ಚಕ್ರಗಳ ನೇರಕ್ಕೆ ಒಳಗೆ ಹೋಯಿತು, ನೀರನ್ನು ಅಲ್ಲಿಯೇ ಟ್ಯಾಂಕರಿನವರಿಂದ ತುಂಬಿಸಿಕೊಳ್ಳಬೇಕು. ಮತ್ತೆ ತೂಗಿದಾಗ ಮೂಗು ಮುನ್ನೂರ ಎಂಬತ್ತು. ಸರಪಳಿಯ ಒಂದು ಕೊಂಡಿ ಬದಲಾಯಿಸಿ ಮಡ್‌ಗಾರ್ಡ್ ಅಳತೆ ಸರಿಪಡಿಸಿ, ನಾನೂ ಡ್ರೈವರೂ ಅದೇ ರಸ್ತೆಯಲ್ಲಿ ಅದೇ ಜಾಗದವರೆಗೆ ಹೋಗಿ ಬಂದೆವು. ಎಂಬತ್ತರಲ್ಲಿ ಎರಡು ಟ್ಯಾಂಕರ್, ಒಂದು ಬಸ್ಸು ನಮ್ಮನ್ನು ದಾಟಿ ಹೋದವು. ಕನ್ನಡಿಯಲ್ಲಿ ಕ್ಯಾರವಾನ್ ಒಂದು ಸಲ ಮೈ ಕೊಡವಿದಂತೆ ಮಾಡಿ ಸುಮ್ಮನಾಯಿತು. "ಇದು ಮೊದಲಿನ ಹಾಗೇ ಉಂಟು," ಎಂದರು ಡ್ರೈವರ್. ಮೊದಲು ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಯಜಮಾನರು ಬಂದರು. ಗೋಡೆಗೆ ಒರಗಿಸಿದ್ದ ಕ್ಯಾರಿಯರ್ ನೋಡಿ ಅವರಿಗೆ ಬೇಸರವಾಯಿತು, ಎಷ್ಟು ಅನುಕೂಲವಾಗಿತ್ತಲ್ಲ ಎಂದರು. ಮ್ಯಾನೇಜರ್ ಮುಂದೆ ಬಂದು, ಹೊಸ ಪಿಕಪ್ಪಿಗೆ ಅದು ಹೊಂದುವುದಿಲ್ಲ ಎಂದು ಆಗಲೇ ಶುರುಮಾಡಿದ್ದ. ಯಜಮಾನರು ಸರಿ ಎಂದು ತಲೆಯಾಡಿಸಿ ಡ್ರೈವರ್ ಕಡೆ ತಿರುಗಿದರು. ಗಾಡಿ ಇವರು ಸರಿಮಾಡಿ ಕೊಟ್ಟಿದ್ದಾರೆ, ಇನ್ನು ಉಳಿದಿರುವುದು ನೀನು ಮಲಗದೆ ಇರುವುದು ಮಾತ್ರ ಎಂದರು. ತಮಾಷೆಯಾಗಿಯೇ ಹೇಳಿದ್ದು. ಡ್ರೈವರ್ ತಲೆ ತಗ್ಗಿಸಿ "ಇನ್‌ಶಾ ಅಲ್ಲಾ, ಬಾಬಾ" ಎಂದರು.

ಆ ತಲೆ ತಗ್ಗಿಸಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಕಾಗದ ತೆಗೆದು ಯಜಮಾನರ ಮುಂದೆ ಹಿಡಿದೆ. ಈ ತೊಂಬತ್ತು ಎನ್ನುವುದು ಹೋದ ವರ್ಷ ನಿಮ್ಮ ಕ್ಯಾರವಾನ್ ಮಗುಚಿದಾಗ ಇದ್ದ ತೂಕ, ಇಷ್ಟು ಹಗುರವಾದ ಮೂಗಿನ ಗಾಡಿಯನ್ನು ಯಾರು ಓಡಿಸಿದರೂ ಮಗುಚುತ್ತದೆ, ನಿನ್ನೆ ನಾನು ಪಕ್ಕದಲ್ಲಿ ಕೂತಿದ್ದಾಗಲೂ ಮಗುಚುವುದರಲ್ಲಿತ್ತು, ಇವರು ಪೂರ್ತಿ ಎಚ್ಚರವಾಗಿದ್ದರು ಎಂದೆ. ಕಾರಣ ಹಿಂದಿನ ಕ್ಯಾರಿಯರ್ ಎಂದೆ. ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದೆ, ಎಲ್ಲಿಯೂ ಸಂದೇಹ ಉಳಿಯಬಾರದೆಂದು. ಮ್ಯಾನೇಜರ್ ತನ್ನ ಫೋನ್ ನೋಡತೊಡಗಿದ.

ಯಜಮಾನರು ಕಾಗದವನ್ನು ಕೈಗೆ ತೆಗೆದುಕೊಂಡು ಓದಿದರು. ಕ್ಯಾರಿಯರಿನ ನಕ್ಷೆ ಬರೆದವರು ಯಾರು ಎಂದು ಕೇಳಿದರು. ನಾನು ಎಂದೆ. ಮಾಡಿಕೊಡಿ ಎಂದು ಕೇಳಿದ್ದು ಯಾರು ಎಂದರು. ನೀವು ಎಂದೆ. ಆಮೇಲೆ ಅವರು ಡ್ರೈವರ್ ಹತ್ತಿರ ಹೋಗಿ ಅರಬ್ಬಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ನನ್ನ ಅರಬ್ಬಿ ಯಲ್ಲಾ, ಖಲಾಸ್‌ಗಳ ಆಚೆ ಹೋಗುವುದಿಲ್ಲ, ಅರ್ಥವಾಗಲಿಲ್ಲ. ಹೊರಡುವಾಗ ನನ್ನ ಕಡೆ ತಿರುಗಿ, ಗುರುವಾರ ಮನೆಯವರು ಮಗನ ಕಾರಿನಲ್ಲಿ ಬರುತ್ತಾರೆ, ನಾನು ಪಿಕಪ್ಪಿನಲ್ಲಿ ಇವನ ಪಕ್ಕದಲ್ಲಿ ಕೂರುತ್ತೇನೆ ಎಂದರು. ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಹೋದ ಮೇಲೆ ಡ್ರೈವರ್ ಟೈರುಗಳ ರಾಶಿಯ ಮೇಲೆ ಕೂತುಕೊಂಡರು. ನಾನು ಎದುರಿಗೆ ನಿಂತು, ನಿನ್ನೆಯೇ ಹೇಳಬೇಕಾಗಿತ್ತು ಭಾಯಿ, ಧೈರ್ಯ ಬರಲಿಲ್ಲ, ಅದನ್ನ ಮಾಡಿದ್ದು ನಾನೇ ಎಂದೆ. ಅವರಿಗೆ ಸಿಟ್ಟು ಬರುತ್ತದೆ ಎಂದು ಕಾದೆ, ಬರಲಿಲ್ಲ, ಅಥವಾ ಬಂದರೂ ತೋರಿಸಲಿಲ್ಲ. ಜೇಬಿನಿಂದ ಫೋನ್ ತೆಗೆದು ಊರಿಗೆ ಹಚ್ಚಿದರು. ಹೆಂಡತಿಯ ಜೊತೆ ಬ್ಯಾರಿಯಲ್ಲಿ ನಾಲ್ಕು ಮಾತಾಡಿ ಫೋನನ್ನು ನನ್ನ ಕೈಗಿಟ್ಟರು.

"ನಾನು ಹೇಳಿದ್ರೆ ಅವಳು ಸುಮ್ಮನೆ ಹ್ಞೂಂ ಅಂತಾಳೆ. ನೀವು ಹೇಳಿ."

ಹೇಳಿದೆ. ಕ್ಯಾರಿಯರ್, ನೀರು, ಮೂಗಿನ ತೂಕ ಎಲ್ಲವನ್ನೂ ಬಿಡಿಸಿ, ಮಧ್ಯೆ ಎಲ್ಲಿಯೂ ನನ್ನನ್ನು ಬಿಟ್ಟುಕೊಡದೆ ಹೇಳುವುದು ಸಾಧ್ಯವಿರಲಿಲ್ಲ. ನಿಮ್ಮ ಯಜಮಾನ್ರು ಮಲಗಿರಲಿಲ್ಲಮ್ಮ, ತಪ್ಪು ನಂದು ಎಂದು ಮುಗಿಸಿದೆ.

"ನೀವು ಅದನ್ನು ಮಾಡುವಾಗಲೇ ಯಾಕೆ ನೋಡ್ಲಿಲ್ಲ?" ಎಂದು ಆ ಕಡೆಯಿಂದ ಕೇಳಿದರು.

ನೋಡಬೇಕಾಗಿತ್ತು ಎಂದೆ.

"ಫೋನ್ ಅವರಿಗೆ ಕೊಡಿ," ಎಂದರು. "ಒಂದು ವರ್ಷ ನಾನೂ ಅವರನ್ನು ನಂಬ್ಲಿಲ್ಲ."